ಬಾನುಲಿಯ ಎರಡು ಲೆಕ್ಕಗಳು



ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ತುಂಗಭದ್ರೆಯ ದಡದ ಊರು. ಅಲ್ಲಿ ರೇಡಿಯೋದ ಮುಳ್ಳನ್ನು ಎಷ್ಟು ತಿರುಗಿಸಿದರೂ ಬೆಂಗಳೂರಿನ ಖಾಸಗಿ ಎಫ್.ಎಂ. ಕೇಂದ್ರಗಳು ಸಿಗುವುದಿಲ್ಲ. ಇದು ರೇಡಿಯೋದ ದೋಷವಲ್ಲ. ಇದರ ಹಿಂದೆ ಎರಡು ಲೆಕ್ಕಗಳಿವೆ. ಒಂದು ಭೌತವಿಜ್ಞಾನದ್ದು, ಇನ್ನೊಂದು ಹಣದ್ದು. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರದ ಕಥೆಯಲ್ಲಿ ಇವೆರಡೂ ಕಾಣುತ್ತವೆ.

ಕನ್ನಡ ನಾಡಿನಲ್ಲಿ ಬಾನುಲಿ ಆರಂಭವಾದದ್ದು ಒಬ್ಬ ವ್ಯಕ್ತಿಯ ಆಸಕ್ತಿಯಿಂದ. 1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟ್ ಪ್ರೇಷಕದ ಮೂಲಕ ಪ್ರಸಾರ ಮಾಡಿದರು. ಅದು ಖಾಸಗಿ ಸಾಹಸವೇ ಹೊರತು ವ್ಯಾಪಾರವಲ್ಲ. ಸ್ವಾತಂತ್ರ್ಯಾನಂತರ ಪ್ರಸಾರವು ಸಂಪೂರ್ಣವಾಗಿ ಸರ್ಕಾರದ ಕೈಯಲ್ಲಿತ್ತು. 1967ರಲ್ಲಿ ವಿವಿಧ ಭಾರತಿಗೆ ಜಾಹೀರಾತು ಬಂದಾಗಲೂ ಕೇಂದ್ರಗಳು ಸರ್ಕಾರದವೇ ಆಗಿದ್ದವು.

1995ರ ಫೆಬ್ರವರಿಯಲ್ಲಿ, ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. 1999ರಲ್ಲಿ ಖಾಸಗಿ ಎಫ್.ಎಂ. ನೀತಿ ಬಂತು, ಹರಾಜು ನಡೆಯಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ 'ರೇಡಿಯೋ ಸಿಟಿ' ಪ್ರಸಾರ ಆರಂಭಿಸಿತು. ಮುಂಬಯಿ, ದೆಹಲಿಗಳಿಗಿಂತ ಮೊದಲು ನಮ್ಮ ರಾಜಧಾನಿ ಖಾಸಗಿ ಎಫ್.ಎಂ. ಕೇಳಿತು.

ಈಗ ಹಣದ ಲೆಕ್ಕ. ಕೇಳುಗರು ಕಾಸು ಕೊಡುವುದಿಲ್ಲ, ಜಾಹೀರಾತುದಾರರು ಕೊಡುತ್ತಾರೆ. ಮೊದಲ ಹಂತದಲ್ಲಿ, ಆದಾಯ ಬರಲಿ ಬಿಡಲಿ, ನಿಗದಿತ ಪರವಾನಗಿ ಶುಲ್ಕವನ್ನು ತೆರಬೇಕಿತ್ತು. ಅದು ಪ್ರತಿ ವರ್ಷ ಶೇಕಡ 15ರಷ್ಟು ಏರುತ್ತಿತ್ತು. ಚಕ್ರಬಡ್ಡಿಯ ಸೂತ್ರ ಹಾಕಿ ನೋಡಿ: ಐದು ವರ್ಷಗಳಲ್ಲಿ ಶುಲ್ಕ ಇಮ್ಮಡಿಯಾಗುತ್ತದೆ! ಹಲವು ಕಂಪನಿಗಳು ಹಿಂದೆ ಸರಿದವು. 2005ರ ನೀತಿಯು ಪ್ರವೇಶ ಶುಲ್ಕದ ಜೊತೆಗೆ ಆದಾಯದ ಶೇಕಡ 4ರ ಪಾಲು ಎಂದು ಬದಲಾಯಿಸಿತು. ಆ ಬಳಿಕವೇ ಬೆಂಗಳೂರಿನಲ್ಲಿ ಹೊಸ ಕೇಂದ್ರಗಳು ಬಂದು ಪೈಪೋಟಿ ಹೆಚ್ಚಿತು.

ಇನ್ನು ಭೌತವಿಜ್ಞಾನದ ಲೆಕ್ಕ. 91.1 ಮೆಗಾಹರ್ಟ್ಸ್‌ನಲ್ಲಿ ಪ್ರಸಾರವಾಗುವ ರೇಡಿಯೋ ಸಿಟಿಯ ತರಂಗಾಂತರ ಸುಮಾರು 3.3 ಮೀಟರ್. ಇಂಥ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಭೂಮಿಯ ಉಬ್ಬನ್ನು ದಾಟಲಾರವು. ಗೋಪುರದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಅದರ ದಿಗಂತ ಕಿಲೋಮೀಟರುಗಳಲ್ಲಿ ಸಿಗುತ್ತದೆ. ನೂರು ಮೀಟರ್ ಗೋಪುರಕ್ಕೆ ಅದು 41 ಕಿಲೋಮೀಟರ್. ಹಲವಾಗಲು ಬೆಂಗಳೂರಿನಿಂದ 250 ಕಿಲೋಮೀಟರುಗಳಿಗೂ ಹೆಚ್ಚು ದೂರ. ನೂರಾರು ಮೀಟರ್ ಉದ್ದದ ಮಧ್ಯಮ ತರಂಗಗಳು ನೆಲವನ್ನು ಅನುಸರಿಸಿ ಸಾಗಬಲ್ಲವು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ದೂರದ ಹಳ್ಳಿಗಳನ್ನು ತಲುಪಿದ ಗುಟ್ಟು ಇದೇ.

ಹಾಗಾದರೆ ಸಣ್ಣ ಊರುಗಳಿಗೆ ಹತ್ತಿರದಲ್ಲೇ ಗೋಪುರ ಬೇಕು. ಆದರೆ ಜಾಹೀರಾತು ದೊಡ್ಡ ಪೇಟೆಯನ್ನು ಹುಡುಕುತ್ತದೆ. ಎರಡು ಲೆಕ್ಕಗಳೂ ಕೂಡಿ ಹಳ್ಳಿಯನ್ನು ಹೊರಗಿಡುತ್ತವೆ.

ಇಂದು ಮೊಬೈಲ್ ಫೋನಿನಲ್ಲಿ ಇಂಟರ್‌ನೆಟ್ ಮೂಲಕ ದೂರದ ಬಾನುಲಿಯೂ ಕೇಳುತ್ತದೆ. ಆದರೆ ಬೆಂಗಳೂರಿನ ಯಾವ ವೃತ್ತದಲ್ಲಿ ವಾಹನಗಳು ನಿಂತಿವೆ ಎಂಬುದರಿಂದ ಹಲವಾಗಲಿನ ರೈತನಿಗೇನು ಪ್ರಯೋಜನ? ಹೊಳೆಯ ನೀರು ಏರುತ್ತಿದೆಯೇ, ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅವನಿಗೆ ಬೇಕು. ಖಾಸಗಿ ಎಫ್.ಎಂ. ಕೇಂದ್ರಗಳು ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ. ಆದರೆ 2011ರ ನೀತಿಯ ಪ್ರಕಾರ ಹವಾಮಾನ, ನೀರು, ವಿದ್ಯುತ್, ಪರೀಕ್ಷೆಗಳ ಮಾಹಿತಿಯನ್ನು ನೀಡಬಹುದು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 234 ಹೊಸ ಊರುಗಳಲ್ಲಿ 730 ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ನೀಡಿತು. ಹರಾಜಿನಲ್ಲಿ ಕೂಗುವವರು ಕಂಪನಿಗಳು. ಆದರೆ ತರಂಗ ಸಾರ್ವಜನಿಕ ಸ್ವತ್ತು. ಅಂದರೆ ಅದರಲ್ಲಿ ಹಲವಾಗಲಿನ ವಿದ್ಯಾರ್ಥಿಗೂ ಪಾಲುಂಟು. ನಿಮ್ಮ ಊರಿಗೆ ಕೇಂದ್ರ ಬಂದರೆ ಅದು ದಿನಕ್ಕೆ ಎಷ್ಟು ನಿಮಿಷ ನಿಮ್ಮ ಊರಿನ ಮಾತಾಡಬೇಕು? ತರಗತಿಯಲ್ಲಿ ಚರ್ಚಿಸಿ, ಬರೆದಿಡಿ. ಕೇಳುವ ಹಕ್ಕು ಇರುವವರು ಕೇಳಿ ಪಡೆಯುವುದನ್ನೂ ಕಲಿಯಬೇಕು.