ಜಾಹೀರಾತಿನ ಸಣ್ಣಕ್ಷರ

ವಿಶ್ವವಿದ್ಯಾಲಯದಲ್ಲಿ ಕೆಲಸ ಅಂದ್ರೆ ನಮ್ಮ ಮನೆಗಳಲ್ಲಿ ಇವತ್ತಿಗೂ ಒಂದೇ ಅರ್ಥ, ಕಾಯಂ ನೌಕರಿ. ಆದರೆ ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿರುತ್ತೆ: ಸಂಪೂರ್ಣ ತಾತ್ಕಾಲಿಕ.

ನೆಟ್ ಬರೆದು ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಮನೆ ಬಾಡಿಗೆ ಭತ್ಯೆ ಬೇರೆ. ಕೆಟ್ಟದ್ದೇನಲ್ಲ. ಆದರೆ ಅದು ಸಂಬಳವಲ್ಲ, ಫೆಲೋಶಿಪ್. ಐದು ವರ್ಷಕ್ಕೆ ಮುಗಿಯುತ್ತೆ. ಪ್ರಾಜೆಕ್ಟ್ ಹುದ್ದೆಯಂತೂ ಪ್ರಾಜೆಕ್ಟಿನ ದುಡ್ಡು ಮುಗಿದ ದಿನವೇ ಮುಗೀತು.

ಇನ್ನು ಸಹಾಯಕ ಪ್ರಾಧ್ಯಾಪಕ ಹುದ್ದೆ. ವಿವಿಗಳಲ್ಲಿ ಇದಕ್ಕೆ ಪಿಎಚ್‌ಡಿ ಕಡ್ಡಾಯ ಅಂತ ಯುಜಿಸಿ 2018ರಲ್ಲಿ ಹೇಳ್ತು. ಜಾರಿ 2021ರ ಜುಲೈಗೆ. ಕೋವಿಡ್ ಬಂತು, 2023ರ ಜುಲೈಗೆ ಮುಂದೂಡಿದ್ರು. ಆ ಜುಲೈ ಬಂದಾಗ ಕಡ್ಡಾಯವನ್ನೇ ಕೈಬಿಟ್ಟು, ನೆಟ್, ಸೆಟ್ ಅಥವಾ ಸ್ಲೆಟ್ ಸಾಕು ಅಂದ್ರು. ಐದು ವರ್ಷ ಸ್ವಾಮಿ! ಈ ನಿಯಮ ನಂಬಿ ಮದುವೆ ಮುಂದೂಡಿ, ಸಾಲ ಮಾಡಿ ಪಿಎಚ್‌ಡಿಗೆ ಕೂತವರಿಗೆ ಯಾರು ಉತ್ತರ ಕೊಡ್ತಾರೆ? ಪಿಎಚ್‌ಡಿ ವ್ಯರ್ಥ ಅಂತ ನಾನು ಹೇಳ್ತಿಲ್ಲ. ಸಹ ಪ್ರಾಧ್ಯಾಪಕರಾಗೋಕೆ ಅದು ಬೇಕೇ ಬೇಕು. ಆದರೆ ಆಟದ ನಡುವೆ ಗೋಲ್‌ಪೋಸ್ಟ್ ಎತ್ತಿಕೊಂಡು ಓಡಿದ್ರೆ ಆಡೋದು ಹೇಗೆ?

ಅರ್ಜಿ ಹಾಕುವವರು ವಾಟ್ಸಾಪ್ ಫಾರ್ವರ್ಡ್ ಬಿಟ್ಟು ವಿವಿಯ ಸ್ವಂತ ವೆಬ್‌ಸೈಟಿನ ಅಧಿಸೂಚನೆ ಓದಿ. ಹುದ್ದೆ ಮಂಜೂರಾದದ್ದೋ, ಪ್ರಾಜೆಕ್ಟಿನದೋ? ಹಣ ಯಾವತ್ತಿನ ತನಕ? ಬರೆದಿಲ್ಲವಾದರೆ ಫೋನ್ ಮಾಡಿ ಕೇಳಿ, ಸಂಕೋಚ ಬೇಡ.

ಕುಲಪತಿಗಳಿಗೂ ನನ್ನದೊಂದು ಪ್ರಶ್ನೆ. ನಿಮ್ಮಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಬಿದ್ದಿರೋದು ಎಷ್ಟು? ಅದೇ ವೆಬ್‌ಸೈಟಿನ ಮೊದಲ ಪುಟದಲ್ಲಿ ಹಾಕ್ತೀರಾ?