ಒಂದು ಲೀಟರಿನಲ್ಲಿ ಹರಿಹರ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಎ ಬ್ಲಾಕಿನಿಂದ ಬಿ ಬ್ಲಾಕಿನ ಕಡೆ ಸಂಜೆ ಹೊತ್ತು ನಡೆದು ಹೋದರೆ ಹಳೆಯ ಮನೆಗಳ ಪೋರ್ಟಿಕೋದಲ್ಲಿ ಇನ್ನೂ ಒಂದೋ ಎರಡೋ ಫಿಯೆಟ್, ಅಂಬಾಸಿಡರ್ ಕಣ್ಣಿಗೆ ಬೀಳುತ್ತವೆ. ಡಾಕ್ಟರ ಗಾಡಿಗಳು, ದಲ್ಲಾಳಿ ಅಂಗಡಿ ಸಾಹುಕಾರರ ಗಾಡಿಗಳು. ಮಕ್ಕಳು ಹೊಸದು ತಂದ ಮೇಲೂ ಅಪ್ಪ ಮಾರಲು ಬಿಡದ ಗಾಡಿಗಳು. ಅಂಥ ಕಾರಿನ ಬಳಿ ಇಬ್ಬರು ನಿಂತರೆ ಬಣ್ಣದ ಮಾತು ಮುಗಿಯುತ್ತಿದ್ದಂತೆ ಬರುವ ಪ್ರಶ್ನೆ ಒಂದೇ: "ಎಷ್ಟು ಕೊಡ್ತತಿ?"

ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಬಿಡಿಸಿ ಕೇಳಬೇಕಾಗಿಲ್ಲ. ಈ ಪ್ರಶ್ನೆಯ ಚರಿತ್ರೆಯನ್ನು ಇವತ್ತು ಸ್ವಲ್ಪ ಹೇಳುತ್ತೇನೆ. ನನ್ನ ಪಕ್ಷ ಯಾವುದು ಅಂತಲೂ ಈಗಲೇ ಹೇಳಿಬಿಡುತ್ತೇನೆ. ಗಾಡಿ ಪೆಟ್ರೋಲ್ ಕುಡಿಯುತ್ತದೆ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಕಾರ್ಬೊರೇಟರ್ ಸ್ಕ್ರೂ ಮೇಲೆ. ಕಳ್ಳ ಇರುವುದು ಬಹುಪಾಲು ಬೇರೆ ಕಡೆ.

ಕಾರ್ಬೊರೇಟರ್ ಮಾಡುವ ಕೆಲಸ ಸರಳ. ಪೆಟ್ರೋಲ್ ದ್ರವವಾಗಿ ಉರಿದರೆ ಇಂಜಿನ್ ಓಡುವುದಿಲ್ಲ, ಗಾಳಿಯಲ್ಲಿ ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಹತ್ತು ಸಾವಿರ ಲೀಟರ್ ಗಾಳಿ ಬೇಕು. ಗಾಳಿ ಇಕ್ಕಟ್ಟಾದ ಕೊಳವೆಯಲ್ಲಿ ನುಗ್ಗುವಾಗ ಅದರ ಒತ್ತಡ ಇಳಿಯುತ್ತದೆ ಎಂಬುದನ್ನು 18ನೇ ಶತಮಾನದಲ್ಲೇ ಬರ್ನೂಲಿ, ವೆಂಚುರಿ ತೋರಿಸಿಕೊಟ್ಟಿದ್ದರು. ಅದನ್ನು ಪೆಟ್ರೋಲ್ ಎಳೆಯಲು ಬಳಸಿದವರು ನೂರು ವರ್ಷದ ನಂತರದವರು. 1893ರಲ್ಲಿ ಹಂಗೆರಿಯ ದೊನಾತ್ ಬಾಂಕಿ, ಯಾನೋಶ್ ಚೋಂಕಾ ಇಬ್ಬರೂ ಸೇರಿ ಪೇಟೆಂಟ್ ತೆಗೆದರು. ಅದೇ ಕಾಲಕ್ಕೆ ಜರ್ಮನಿಯಲ್ಲಿ ಡೈಮ್ಲರ್ ಜೊತೆಗಿದ್ದ ವಿಲ್ಹೆಲ್ಮ್ ಮೇಬಾಖ್ ಜೆಟ್ಟಿನಿಂದ ಚಿಮ್ಮಿಸುವ ಕಾರ್ಬೊರೇಟರ್ ಮಾಡಿದರು. ಮುಂದಿನ ನೂರು ವರ್ಷ ಬಂದದ್ದೆಲ್ಲ ಇದರ ತಿದ್ದುಪಡಿ.

ಆ ತಿದ್ದುಪಡಿಗಳಲ್ಲಿ ನಮಗೆ ಬೇಕಾದವು ಎರಡು. ಒಂದು ಫ್ರಾನ್ಸಿನ ಸೋಲೆಕ್ಸ್, ನಮ್ಮ ಫಿಯೆಟ್ಟಿನಲ್ಲಿ ಇದ್ದದ್ದು. ಇನ್ನೊಂದು ಇಂಗ್ಲೆಂಡಿನ ಎಸ್.ಯು., ಅಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಮನೆತನದವರು ಚಪ್ಪಲಿ, ಬೂಟಿನ ವ್ಯಾಪಾರಿಗಳು. ಹಾಗಾಗಿಯೇ ಇರಬೇಕು, ಅವರ ಮೊದಲ ಕಾರ್ಬೊರೇಟರಿನಲ್ಲಿ ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದದ್ದು ಚರ್ಮದ ತಿದಿ! ಆಮೇಲೆ ಅದರ ಜಾಗಕ್ಕೆ ಪಿಸ್ಟನ್ ಬಂತು. ಮಾರಿಸ್ ಆಕ್ಸ್‌ಫರ್ಡ್ ಕಾರು ಅಂಬಾಸಿಡರ್ ಎಂಬ ಹೆಸರಿನಲ್ಲಿ ಕಲ್ಕತ್ತೆ ಹತ್ತಿರದ ಉತ್ತರಪಾರಾದಿಂದ ಹೊರಡಲು ಶುರುವಾದಾಗ ಅದರ ಬಾನೆಟ್ಟಿನ ಕೆಳಗೆ ಈ ಎಸ್.ಯು. ಇತ್ತು.

ಆ ಕಾಲಕ್ಕೆ ಮೊದಲೇ ನಮ್ಮ ಜನ ಪೆಟ್ರೋಲಿನ ಬರ ಕಂಡಿದ್ದರು. ಎರಡನೇ ಮಹಾಯುದ್ಧದ ರೇಷನ್ ಕಾಲದಲ್ಲಿ ಬಸ್ಸಿನ ಹಿಂದೆ ಉದ್ದನೆಯ ಒಲೆ ಕಟ್ಟಿ, ಇದ್ದಲು ಹಾಕಿ, ಕ್ಲೀನರ್ ಹುಡುಗ ಗಿರ್ರನೆ ಹಿಡಿ ತಿರುಗಿಸಿ ಗ್ಯಾಸ್ ಎಬ್ಬಿಸಿದ ಮೇಲೆ ಬಸ್ಸು ಹೊರಡುತ್ತಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಪುಣೆ–ಬೆಂಗಳೂರು ರಸ್ತೆಯ ಮೇಲೇ ಬೆಳೆದ ದಾವಣಗೆರೆ, ಹರಿಹರದಂಥ ಊರಿನಲ್ಲಿ ಗಾಡಿಯ ಲೆಕ್ಕಾಚಾರ ಹಳೆಯ ವಿದ್ಯೆ.

ಯುದ್ಧ ಮುಗಿದು ಅಂಬಾಸಿಡರ್, ಫಿಯೆಟ್ಟುಗಳ ಕಾಲ ಬಂದ ಹೊತ್ತಿಗೆ ಅಮೆರಿಕದಲ್ಲಿ ಬೇರೆಯೇ ಆಟ ನಡೆದಿತ್ತು. 1964ರಲ್ಲಿ ಪಾಂಟಿಯಾಕ್ ಜಿ.ಟಿ.ಒ. ಬಂತು. ಎಂಟು ಸಿಲಿಂಡರ್, 6.4 ಲೀಟರ್ ಇಂಜಿನ್. ಅಂದರೆ ನಮ್ಮ ಫಿಯೆಟ್ಟಿನ 1089 ಸಿ.ಸಿ. ಇಂಜಿನ್ನುಗಳನ್ನು ಸುಮಾರು ಆರು ಸೇರಿಸಿದಷ್ಟು. ಹೆಚ್ಚು ದುಡ್ಡು ಕೊಟ್ಟರೆ ಮೂರು ಕಾರ್ಬೊರೇಟರ್ ಸಾಲಾಗಿ ಕೂರಿಸಿಕೊಡುತ್ತಿದ್ದರು. ಮಸಲ್ ಕಾರ್ ಎಂದು ಕರೆಯುವುದು ಇಂಥವನ್ನೇ. ನಮ್ಮಲ್ಲಿ ಅವು ಸಿನಿಮಾದಲ್ಲಿ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೂ ಆ ಮೂರು ಕಾರ್ಬೊರೇಟರಿನಲ್ಲಿ ಒಂದು ಜಾಣತನವಿತ್ತು. ನಿಧಾನಕ್ಕೆ ಹೋಗುವಾಗ ನಡುವಿನದು ಒಂದೇ ಕೆಲಸ ಮಾಡುತ್ತಿತ್ತು, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಉಳಿದೆರಡು ಬಾಯಿ ತೆರೆಯುತ್ತಿದ್ದವು. ಅಂಥ ಗಾಡಿಯ ಮೈಲೇಜ್ ಇದ್ದದ್ದು ಮಾಲೀಕನ ಬಲಗಾಲಿನಲ್ಲಿ.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದವು. ಮೂರು ಡಾಲರ್ ಆಸುಪಾಸಿನಲ್ಲಿದ್ದ ಒಂದು ಪೀಪಾಯಿ ಕಚ್ಚಾ ತೈಲ 1974ರ ಹೊತ್ತಿಗೆ ಹನ್ನೆರಡಕ್ಕೆ ಹತ್ತಿರ ಬಂತು. ಅಮೆರಿಕ ಗಂಟೆಗೆ 55 ಮೈಲಿಯ ಮಿತಿ ಹಾಕಿತು. ದಿಲ್ಲಿಯಲ್ಲಿ ಬೆಲೆಯೇರಿಕೆ ವಿರೋಧಿಸಿ ವಾಜಪೇಯಿಯವರು ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಹೋದರು. ಮಸಲ್ ಕಾರುಗಳ ಕಾಲ ಅಲ್ಲಿಗೆ ಮುಗಿಯಿತು. ಅವುಗಳ ಮಾಲೀಕರು ಮೊದಲ ಸಲ ನಮ್ಮ ಪ್ರಶ್ನೆ ಕೇಳತೊಡಗಿದರು.

ನಮ್ಮ ಗ್ಯಾರೇಜುಗಳಲ್ಲಿ ಆಗ ಎರಡು ಪಂಥ ಹುಟ್ಟಿದವು. ಮೊದಲನೆಯದು ಕತ್ತರಿ ಪಂಥ. ಸೋಲೆಕ್ಸಿನ ಮೇನ್ ಜೆಟ್ ತೆಗೆದು ಚಿಕ್ಕದು ಹಾಕುವುದು, ಅದು ಸಿಗದಿದ್ದರೆ ಇದ್ದ ಜೆಟ್ಟಿನ ತೂತಿಗೇ ತಾಮ್ರದ ಎಳೆ ತೂರಿಸಿ ಕಿರಿದು ಮಾಡುವುದು. ಮೈಸೂರಿನ ಜಾವಾ, ಎಜ್ಡಿ ಬೈಕುಗಳಲ್ಲಾದರೆ ನೀಡಲ್‌ನ ಕ್ಲಿಪ್ಪನ್ನು ಒಂದು ಗೆರೆ ಮೇಲೆ ಹಾಕಿ ನೀಡಲ್ ಕೆಳಗಿಳಿಸುವುದು. ಮೊದಲ ವಾರ ಮೈಲೇಜ್ ಏರಿದಂತೆ ಕಾಣುತ್ತದೆ. ಆಮೇಲೆ ಪಿಕಪ್ ಸತ್ತುಹೋಗಿ ಡ್ರೈವರ್ ಆಕ್ಸಿಲರೇಟರ್ ಇನ್ನೂ ಒತ್ತುತ್ತಾನೆ, ಉಳಿದದ್ದು ಅಲ್ಲಿಗೇ ಖರ್ಚು. ಅದಕ್ಕಿಂತ ಕೆಟ್ಟದ್ದು ಬಿಸಿ. ಪೆಟ್ರೋಲ್ ಕಡಿಮೆಯಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಬೆಂಕಿ ಆರಿರುವುದಿಲ್ಲ, ವಾಲ್ವ್ ಸುಡುತ್ತದೆ. ಟೂ ಸ್ಟ್ರೋಕ್ ಬೈಕಿನಲ್ಲಾದರೆ ಪಿಸ್ಟನ್ ಸೀಜ್. ವರ್ಷವಿಡೀ ಉಳಿಸಿದ ಪೆಟ್ರೋಲಿನ ದುಡ್ಡು ಒಂದೇ ಬೋರಿಂಗ್ ಕೆಲಸಕ್ಕೆ ಹೋಗುತ್ತದೆ.

ಎರಡನೆಯ ಪಂಥ ನಿಧಾನದ್ದು. ಅದರ ಉಸ್ತಾದರು ಮೊದಲು ಬಾನೆಟ್ಟನ್ನೇ ಎತ್ತುತ್ತಿರಲಿಲ್ಲ. "ಕಾರ್ಬೊರೇಟರಿಗೆ ಕೈ ಹಚ್ಬ್ಯಾಡ್ರಿ ಸಾಹುಕಾರ್ರೆ, ಮೊದ್ಲು ನ್ಯೂಟ್ರಲ್ ಹಾಕಿ ತಳ್ಳಿ ನೋಡನ" ಅನ್ನುವ ಜಾತಿ. ಸಮತಟ್ಟಾದ ಜಾಗದಲ್ಲಿ ಕಾರನ್ನು ಒಬ್ಬನೇ ತಳ್ಳಲು ಆಗದಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ, ಇಲ್ಲವೇ ಟೈರಿನಲ್ಲಿ ಗಾಳಿ ಇಲ್ಲ. ಅದು ಸರಿಯಾದ ಮೇಲೆ ಟ್ಯಾಪೆಟ್. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುವುದು: ಮಸಿಗಪ್ಪಾದರೆ ಪೆಟ್ರೋಲ್ ಹೆಚ್ಚು, ಬೂದಿಬಿಳುಪಾದರೆ ಕಡಿಮೆ, ತಿಳಿಗಂದಾದರೆ ಸರಿ. ಪ್ಲಗ್ ಅಂದರೆ ಆಗ ನಮ್ಮಲ್ಲಿ ಬಹುತೇಕ ಮೈಕೊ, 1951ರಲ್ಲಿ ಶುರುವಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿಯದು. ಅಂಬಾಸಿಡರ್ ಪ್ಲಗ್ಗಿನ ಗ್ಯಾಪ್ 0.6 ಮಿಲಿಮೀಟರ್, ಡಿಸ್ಟ್ರಿಬ್ಯೂಟರ್ ಪಾಯಿಂಟಿನದು 0.35ರಿಂದ 0.40. ಫೀಲರ್ ಗೇಜ್ ಇಲ್ಲದವರು ಕಣ್ಣಳತೆಯಲ್ಲೇ ಇಡುತ್ತಿದ್ದರು, ಅದಕ್ಕೇ ಅವರು ಟ್ಯೂನ್ ಮಾಡಿದ ಗಾಡಿ ಎರಡು ತಿಂಗಳಿಗೆ ಮತ್ತೆ ಬರುತ್ತಿತ್ತು.

ನನ್ನ ಪ್ರಕಾರ ಹಳೆಯ ಕಾರಿನಲ್ಲಿ ಅತಿ ಹೆಚ್ಚು ಪೆಟ್ರೋಲ್ ಕದಿಯುವುದು ಟೈಮಿಂಗ್. ಕಿಡಿ ಯಾವಾಗ ಹಾರಬೇಕು ಎಂಬುದು ಇಂಜಿನ್ ವೇಗ, ಹೊರೆ ಎರಡನ್ನೂ ನೋಡಿ ಬದಲಾಗಬೇಕು. ಹಗುರವಾಗಿ ಹೋಗುವಾಗ ಕಿಡಿ ಬೇಗ ಬೇಕು. ಡಿಸ್ಟ್ರಿಬ್ಯೂಟರಿನ ಪಕ್ಕ ಒಂದು ಚಪ್ಪಟೆ ಡಬ್ಬಿ ಇರುತ್ತದಲ್ಲ, ಸಣ್ಣ ಪೈಪಿನಲ್ಲಿ ಕಾರ್ಬೊರೇಟರಿಗೆ ಸೇರಿರುತ್ತದೆ, ಅದರ ಕೆಲಸ ಅದೇ. ಒಳಗಿನ ಪೊರೆ ಹರಿದರೆ ಗಾಡಿ ನಿಲ್ಲುವುದಿಲ್ಲ, ಸದ್ದೂ ಮಾಡುವುದಿಲ್ಲ, ಸುಮ್ಮನೆ ಕುಡಿಯುತ್ತದೆ. ಪೈಪ್ ಬಿಚ್ಚಿ ಬಾಯಲ್ಲಿ ಎಳೆದು ನಾಲಿಗೆ ಅಡ್ಡ ಹಿಡಿದರೆ ನಾಲಿಗೆಗೆ ಅಂಟಿಕೊಂಡೇ ಇರಬೇಕು, ಬಿಟ್ಟುಬಿಟ್ಟರೆ ಪೊರೆ ಹೋಗಿದೆ. ಪರೀಕ್ಷೆಗೆ ಕಾಸು ಖರ್ಚಿಲ್ಲ. ಆದರೂ ಎಷ್ಟೋ ಕಾರುಗಳಲ್ಲಿ ಆ ಪೈಪನ್ನೇ ಕಿತ್ತು ಬಾಯಿಗೆ ಮೊಳೆ ಹೊಡೆದಿರುತ್ತಾರೆ. ಅಮೆರಿಕದಲ್ಲಿ ರೇಸಿನ ಹುಚ್ಚಿಗೆ ಇದನ್ನು ಕಿತ್ತವರೂ 1973ರ ನಂತರ ಹುಡುಕಿ ಮತ್ತೆ ಹಾಕಿಸಿಕೊಂಡರಂತೆ.

ಇಷ್ಟೆಲ್ಲ ಮುಗಿದ ಮೇಲೆಯೇ ಕಾರ್ಬೊರೇಟರ್. ಎಸ್.ಯು.ನಲ್ಲಿ ಮಿಶ್ರಣ ಪರೀಕ್ಷಿಸುವ ರೀತಿ ನೋಡುವಂಥದು. ಇಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿ ಇರುವಾಗ ಒಳಗಿನ ಪಿಸ್ಟನ್ನನ್ನು ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಎತ್ತಬೇಕು. ಇಂಜಿನ್ ವೇಗವೇರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಸಾಯಲು ಬಂದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಮೊದಲಿನಂತೆ ಕೂತರೆ ಸರಿ. ಸೋಲೆಕ್ಸಿನಲ್ಲಿ ಇಂಥ ಸೌಲಭ್ಯ ಇಲ್ಲ. ಅಲ್ಲಿ ಜನ ತಿರುಗಿಸುವ ಸ್ಕ್ರೂ ಬರೀ ಐಡ್ಲಿಂಗಿಗೆ ಸಂಬಂಧಪಟ್ಟದ್ದು. ಹೈವೇ ಮೇಲೆ ಅರವತ್ತರಲ್ಲಿ ಹೋಗುವಾಗ ಪೆಟ್ರೋಲ್ ಬರುವುದು ಮೇನ್ ಜೆಟ್ಟಿನಿಂದ, ಆ ಸ್ಕ್ರೂ ಎಷ್ಟು ತಿರುಗಿಸಿದರೂ ಅಲ್ಲಿ ಹೆಚ್ಚು ವ್ಯತ್ಯಾಸವಾಗದು.

ಊರಿನ ಗುಣವೂ ಸೇರುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಗಾಳಿ ಮುಂಬಯಿಗಿಂತ ತೆಳು. ಮುಂಬಯಿಯ ಟ್ಯಾಕ್ಸಿಗೆ ಸರಿಯಾದ ಸೆಟ್ಟಿಂಗ್ ಇಲ್ಲಿ ಒಂದು ಚೂರು ಪೆಟ್ರೋಲ್ ಜಾಸ್ತಿ. ಜೊತೆಗೆ ಧೂಳು. ಕಾಟನ್ ಮಿಲ್ಲುಗಳಿದ್ದ ಊರು, ಮಂಡಕ್ಕಿ ಭಟ್ಟಿಗಳ ಊರು. ಏರ್ ಫಿಲ್ಟರ್ ಕಟ್ಟಿಕೊಂಡರೆ ಕಾರ್ಬೊರೇಟರ್ ಗಾಡಿ ಚೋಕ್ ಎಳೆದಂತೆಯೇ ನಡೆದುಕೊಳ್ಳುತ್ತದೆ.

ಹರಿಹರದ ಪಾಲು ಬೇರೆ ಬಗೆಯದು. ಥ್ರಾಟಲ್‌ನ ಕಂಬಿ ವರ್ಷಗಟ್ಟಲೆ ತಿರುಗಿ ಸವೆದರೆ ಅದರ ಸುತ್ತಿನ ಸಂದಿಯಿಂದ ಗಾಳಿ ಕದ್ದು ನುಗ್ಗುತ್ತದೆ. ಐಡ್ಲಿಂಗ್ ನಿಲ್ಲುವುದಿಲ್ಲ, ಅದನ್ನು ಮುಚ್ಚಿಹಾಕಲು ಮೆಕ್ಯಾನಿಕ್ ಪೆಟ್ರೋಲ್ ಹೆಚ್ಚಿಸುತ್ತಾನೆ. ಮದ್ದು ಒಂದೇ, ತೂತು ದೊಡ್ಡದು ಮಾಡಿ ಗನ್‌ಮೆಟಲ್ ಬುಷ್ ಕೂರಿಸುವುದು. ಅದಕ್ಕೆ ಒಳ್ಳೆಯ ಲೇತ್ ಬೇಕು, ಲೇತ್ ಹಿಡಿದ ಕೈ ಬೇಕು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಕಳಿಸಿತು, ಈ ಸೀಮೆಗೆ ಟರ್ನರುಗಳನ್ನು ಕೊಟ್ಟಿತು. ಕಾರ್ಖಾನೆ ಮುಚ್ಚಿದೆ, ಅಲ್ಲಿ ಕಲಿತವರ ಕೈಕೆಲಸ ಇನ್ನೂ ಸಣ್ಣ ವರ್ಕ್‌ಶಾಪುಗಳಲ್ಲಿ ಉಳಿದಿದೆ.

ಇಷ್ಟು ಮಾಡಿ ಸಿಕ್ಕದ್ದೆಷ್ಟು? ಅಂಬಾಸಿಡರ್ ಲೀಟರಿಗೆ ಹತ್ತು ಕೊಟ್ಟರೆ ಮಾಲೀಕ ಖುಷಿ, ಫಿಯೆಟ್ ಹದಿಮೂರು ಹದಿನಾಲ್ಕು ಕೊಟ್ಟರೆ ಊರಿಗೆಲ್ಲ ಸುದ್ದಿ. ಅಳೆಯಲು ಒಳ್ಳೆಯ ಉಪಾಯ ಬಾಟಲಿ: ಒಂದು ಲೀಟರ್ ಪೆಟ್ರೋಲ್ ತುಂಬಿ, ಟ್ಯಾಂಕಿನ ಪೈಪ್ ಬಿಚ್ಚಿ ಬಾಟಲಿಯಿಂದ ಪಂಪಿಗೆ ಕೊಟ್ಟು, ಗಾಡಿ ತಾನಾಗಿ ನಿಲ್ಲುವವರೆಗೆ ಹೋಗುವುದು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಒಂದು ಲೀಟರಿನಲ್ಲಿ ಹರಿಹರ ಮುಟ್ಟಿದ ಫಿಯೆಟ್ಟಿಗೆ ಬೇರೆ ಸರ್ಟಿಫಿಕೇಟ್ ಬೇಕಿಲ್ಲ. ಈಗ ಬಾನೆಟ್ಟಿನೊಳಗೆ ಪೆಟ್ರೋಲ್ ಬಾಟಲಿ ಇಟ್ಟುಕೊಂಡು ಹೈವೇಗೆ ಇಳಿಯಬೇಡಿ, ಬೆಂಕಿಯ ಮಾತು ಅದು. ಟ್ಯಾಂಕ್ ಫುಲ್ ಮಾಡಿ, ಇನ್ನೂರು ಕಿಲೋಮೀಟರ್ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿದರೆ ಲೆಕ್ಕ ಸಿಗುತ್ತದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 796 ಸಿ.ಸಿ., ಮೂರು ಸಿಲಿಂಡರ್, ಹಗುರ ಮೈ. ಅದರಲ್ಲೂ ಕಾರ್ಬೊರೇಟರೇ ಇತ್ತು, ಆದರೆ ಹಳೆಯ ಉಸ್ತಾದರು ಒಂದು ವಾರ ಒದ್ದಾಡಿ ತರುತ್ತಿದ್ದ ಮೈಲೇಜನ್ನು ಅದು ಶೋರೂಮಿನಿಂದಲೇ ಮೀರಿಸಿ ತಂದಿತು. 2000ದ ಆಸುಪಾಸಿನಲ್ಲಿ ಹೊಗೆಯ ಕಾಯಿದೆ ಬಿಗಿಯಾಗಿ ಕಾರುಗಳಿಗೆ ಇಂಜೆಕ್ಷನ್ ಬಂತು, ಕಂಪ್ಯೂಟರೇ ಗಾಳಿ ಅಳೆದು ಪೆಟ್ರೋಲ್ ಕೊಡತೊಡಗಿತು. 2020ರ ಬಿ.ಎಸ್. 6 ನಿಯಮದೊಂದಿಗೆ ಹೊಸ ಬೈಕುಗಳಿಂದಲೂ ಕಾರ್ಬೊರೇಟರ್ ಹೋಯಿತು. ಸ್ಕ್ರೂ ತಿರುಗಿಸುವ ಹುಡುಗರು ಈಗ ಸ್ಕ್ಯಾನರ್ ಹಿಡಿದಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಎಂ.ಸಿ.ಸಿ. ಬಡಾವಣೆಯ ಹಳೆಯ ಕಾರುಗಳಿಗೆ ಇವತ್ತಿನ ನಿಜವಾದ ತೊಂದರೆ ಬಂಕಿನಲ್ಲಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಈಗ ಎಲ್ಲೆಡೆ ಹರಡಿದೆ. ಎಥನಾಲ್ ದೂರದಿಂದ ಬರುವ ವಸ್ತುವೂ ಅಲ್ಲ, ಕುಕ್ಕವಾಡದ ಸಕ್ಕರೆ ಕಾರ್ಖಾನೆಯವರೇ ತಯಾರಿಸುತ್ತಾರೆ. ಕಬ್ಬಿನ ರೈತನಿಗೆ ಒಳ್ಳೆಯದು, ಸೋಲೆಕ್ಸಿಗೆ ಅಷ್ಟು ಒಳ್ಳೆಯದಲ್ಲ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಆದ್ದರಿಂದ ಹಳೆಯ ಜೆಟ್ಟಿನಲ್ಲಿ ಈ ಪೆಟ್ರೋಲ್ ಹಾಯಿಸಿದರೆ ಮಿಶ್ರಣ ತಾನಾಗಿಯೇ ಸುಮಾರು ಶೇಕಡಾ 8ರಷ್ಟು ಬಡವಾಗುತ್ತದೆ. ಕತ್ತರಿ ಪಂಥದವರು ಕೈಯಾರೆ ಮಾಡುತ್ತಿದ್ದ ಕೆಲಸವನ್ನು ಈಗ ಬಂಕೇ ಮಾಡಿಕೊಡುತ್ತಿದೆ.

ಈ ಸಲ ಹಾಗಾಗಿ ಜೆಟ್ ದೊಡ್ಡದಾಗಬೇಕು. 120 ನಂಬರಿನದು, ಅಂದರೆ 1.20 ಮಿಲಿಮೀಟರ್ ತೂತಿನದು ಇದ್ದರೆ 125. ತೂತಿನ ವಿಸ್ತೀರ್ಣ ಲೆಕ್ಕ ಹಾಕಿ, ಹೆಚ್ಚುಕಡಿಮೆ ಆ ಎಂಟು ಪರ್ಸೆಂಟೇ ಬರುತ್ತದೆ. ಲೀಟರಿಗೆ ಒಂದು ಕಿಲೋಮೀಟರ್ ಆಸುಪಾಸು ಕಡಿಮೆ ಬಂದರೆ ಅದು ಇಂಧನದ ಶಕ್ತಿಯೇ ಕಡಿಮೆ ಇರುವುದರಿಂದ, ಮೆಕ್ಯಾನಿಕ್ಕನ್ನು ಬೈಯಬೇಡಿ. ಹಳೆಯ ರಬ್ಬರ್ ಪೈಪ್, ಪಂಪಿನ ಡಯಾಫ್ರಂ ಎರಡನ್ನೂ ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಿಸಿಕೊಳ್ಳಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿಯೇ ಟಾರ್ಪಾಲು ಹೊದಿಸಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಆ ನೀರು ತಳದಲ್ಲಿ ಕೂತು ಜೆಟ್ಟಿನ ಬಾಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಕಟ್ಟಿದರೆ ಗುಂಡುಪಿನ್ನು, ತಂತಿ ಹಾಕಿ ಚುಚ್ಚಬೇಡಿ, ತೂತಿನ ಅಳತೆ ಕೆಡುತ್ತದೆ. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿ.