ಗರ್ಭಿಣಿಯ ಮಲೇರಿಯಾ ಮತ್ತು ಶಿಶುವಿನ ರೋಗನಿರೋಧಕ ಶಕ್ತಿ



ಶಿಶುವು ತಾಯಿಯ ಗರ್ಭದಿಂದ ಬರಿಗೈಯಲ್ಲಿ ಬರುವುದಿಲ್ಲ. ತಾಯಿಗೆ ಹಿಂದೆ ಬಂದುಹೋದ ರೋಗಗಳಿಂದಲೂ ಆಕೆ ಹಾಕಿಸಿಕೊಂಡ ಲಸಿಕೆಗಳಿಂದಲೂ ಆಕೆಯ ರಕ್ತದಲ್ಲಿ ಪ್ರತಿಕಾಯಗಳೆಂಬ ರಕ್ಷಕ ಪ್ರೋಟೀನುಗಳು ಉಂಟಾಗಿರುತ್ತವೆ. ಗರ್ಭಸ್ಥ ಶಿಶುವಿಗೆ ಆಹಾರವನ್ನೂ ಆಮ್ಲಜನಕವನ್ನೂ ಒದಗಿಸುವ ಮಾಸಿನ ಮೂಲಕವೇ ಇವು ಶಿಶುವಿನ ರಕ್ತವನ್ನು ಸೇರುತ್ತವೆ. ಕೊನೆಯ ಮೂರು ತಿಂಗಳುಗಳಲ್ಲಿ ಈ ವರ್ಗಾವಣೆ ಅತ್ಯಧಿಕ. ದಿನ ತುಂಬಿ ಜನಿಸಿದ ಶಿಶುವಿನಲ್ಲಿ ದಡಾರದ ಪ್ರತಿಕಾಯಗಳು ಅನೇಕ ವೇಳೆ ತಾಯಿಯಲ್ಲಿರುವುದಕ್ಕಿಂತಲೂ ಹೆಚ್ಚಾಗಿರುತ್ತವೆ. ಮೊದಲ ಕೆಲವು ತಿಂಗಳು ಶಿಶುವಿಗೆ ಇದೇ ಕಾವಲು.

ಗರ್ಭಿಣಿಗೆ ಮಲೇರಿಯಾ ತಗುಲಿದಾಗ ಈ ಕಾವಲು ಸಡಿಲವಾಗುವ ಸಂಭವವುಂಟು. ಫಾಲ್ಸಿಪ್ಯಾರಮ್ ಜಾತಿಯ ರೋಗಾಣು ಹೊಕ್ಕ ಕೆಂಪು ರಕ್ತಕಣಗಳು ಮಾಸಿನಲ್ಲಿ ಅಂಟಿಕೊಂಡು ಶೇಖರವಾಗುತ್ತವೆ. ಅಲ್ಲಿ ಉರಿಯೂತ ಉಂಟಾಗುತ್ತದೆ. ಮಲೇರಿಯಾ ಸದಾ ಇರುವ ಪ್ರದೇಶಗಳಲ್ಲಿ ತಾಯಿಗೆ ಜ್ವರವೇ ಕಾಣಿಸದೆ ಇದು ನಡೆಯಬಹುದು. ಆಫ್ರಿಕದ ಗ್ಯಾಂಬಿಯಾದಲ್ಲಿ ನಡೆದ ಅಧ್ಯಯನಗಳಲ್ಲಿ, ಇಂತಹ ತಾಯಂದಿರಿಂದ ಶಿಶುಗಳಿಗೆ ದಡಾರವೇ ಮೊದಲಾದ ರೋಗಗಳ ಪ್ರತಿಕಾಯಗಳು ಕಡಿಮೆ ಪ್ರಮಾಣದಲ್ಲಿ ತಲಪಿದ್ದು ಕಂಡುಬಂದಿತು. ಎಲ್ಲ ದೇಶಗಳ ಅಧ್ಯಯನಗಳೂ ಒಂದೇ ಫಲಿತಾಂಶವನ್ನು ಕೊಟ್ಟಿಲ್ಲವೆಂಬುದನ್ನೂ ಹೇಳಬೇಕು. ಕ್ಯಾಮರೂನಿನ ಅಧ್ಯಯನವೊಂದು 1997ರಲ್ಲಿ ಇನ್ನೊಂದು ಅಂಶವನ್ನು ತೋರಿಸಿತು: ಮಾಸಿನಲ್ಲಿ ಸೋಂಕಿದ್ದ ತಾಯಂದಿರ ಮಕ್ಕಳ ರಕ್ತದಲ್ಲಿ ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಮಲೇರಿಯಾ ರೋಗಾಣುಗಳು ಹೆಚ್ಚಾಗಿ ಕಾಣಿಸಿಕೊಂಡವು. ಗರ್ಭದಲ್ಲಿಯೇ ರೋಗಾಣುವಿನ ಅಂಶಗಳ ಪರಿಚಯವಾದ ಶಿಶುವಿನ ದೇಹವು ಅದನ್ನು ವೈರಿಯೆಂದು ಎದುರಿಸಲು ಹಿಂಜರಿಯುತ್ತದೆ ಎಂಬುದು ತಜ್ಞರು ಕೊಡುವ ಒಂದು ವಿವರಣೆ.

ಭಾರತದಲ್ಲಿ ಮಲೇರಿಯಾ ಬಹಳ ಇಳಿದಿದೆಯಾದರೂ ನಗರವಾಸಿಗಳಿಗೆ ಇದು ದೂರದ ಮಾತಲ್ಲ. ಮುಂಬಯಿ, ದೆಹಲಿ, ಚೆನ್ನೈಗಳಲ್ಲಿ ರೋಗ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯು ಮಾಳಿಗೆಯ ಮೇಲಿನ ತೊಟ್ಟಿ, ಬಾವಿ, ಕಟ್ಟಡ ಕಾಮಗಾರಿಯ ನೀರುಗಳಲ್ಲಿ ಬೆಳೆಯುತ್ತದೆ. ವೈವ್ಯಾಕ್ಸ್ ಮಲೇರಿಯಾ ಮಾಸಿನಲ್ಲಿ ಅಷ್ಟಾಗಿ ಶೇಖರವಾಗದು. ಆದರೂ ತಾಯಿಗೆ ರಕ್ತಹೀನತೆಯನ್ನೂ ಶಿಶುವಿಗೆ ಕಡಿಮೆ ತೂಕವನ್ನೂ ತರುತ್ತದೆ. ಅವಧಿಗೆ ಮುನ್ನ ಹೆರಿಗೆಯಾದರಂತೂ ಪ್ರತಿಕಾಯಗಳ ವರ್ಗಾವಣೆ ಅರ್ಧಕ್ಕೇ ನಿಲ್ಲುತ್ತದೆ. ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸು ಒಂಬತ್ತು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗಿನ ಅವಧಿಯೇ ಆತಂಕದ್ದು.

ಆದುದರಿಂದ ಗರ್ಭಿಣಿಗೆ ಜ್ವರ ಬಂದರೆ ಕಷಾಯ ಕುಡಿಸಿ ಎರಡು ದಿನ ನೋಡೋಣವೆನ್ನದೆ ಅಂದೇ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಸೀಮಂತದ ಸೀರೆ, ಬಳೆಗಳ ಜೊತೆಗೆ ಒಂದು ಸೊಳ್ಳೆಪರದೆಯನ್ನೂ ಕೊಟ್ಟರೆ ಅನುಚಿತವೇನಲ್ಲ. ಮನೆಯಲ್ಲಿ ಉಳಿದ ಮಲೇರಿಯಾ ಮಾತ್ರೆಗಳನ್ನು ಮಾತ್ರ ಆಕೆಗೆ ಕೊಡಕೂಡದು: ಇತರರಿಗೆ ಕೊಡುವ ಪ್ರೈಮಾಕ್ವಿನ್ ಗರ್ಭಿಣಿಯರಿಗೆ ನಿಷಿದ್ಧ. ಯಾವ ತಿಂಗಳಿನಲ್ಲಿ ಯಾವ ಔಷಧಿಯೆಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ.